ಅಷ್ಟಸಿಲಿಂಡರ ಮೀಮಾಂಸೆ

ನಡುಗಾತ್ರದ, ಎರಡು ಬಾಗಿಲಿನ, ಮಧ್ಯಮವರ್ಗದ ಕೈಗೆಟಕುವ ಅಮೆರಿಕನ್ ಕಾರಿನ ಬಾನೆಟ್ಟಿನೊಳಗೆ ಅಗತ್ಯಕ್ಕಿಂತ ಬಹಳ ದೊಡ್ಡದಾದ ಎಂಟು ಸಿಲಿಂಡರಿನ ಎಂಜಿನ್ನನ್ನು ಪ್ರತಿಷ್ಠಾಪಿಸಿದಾಗ ಅದು ಮಸಲ್ ಕಾರ್ ಎನಿಸಿಕೊಳ್ಳುತ್ತದೆ ಎಂಬುದು ಈ ದರ್ಶನದ ಲಕ್ಷಣವಾಕ್ಯವಾಗಿದ್ದು, ಅನಗತ್ಯತೆಯೇ ಇದರ ಪರಮತತ್ತ್ವವೆಂಬುದನ್ನು ಮುಂದಿನ ವಿವೇಚನೆಯಲ್ಲಿ ಸಾಧಿಸಲಾಗುವುದು.

ದರ್ಶನದ ಉಗಮವು ವಿಧಿಯೊಂದರ ಜಾಣ ಉಲ್ಲಂಘನೆಯಲ್ಲಿದೆ. ಇಂಥ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್ ಸಂಸ್ಥೆ ಕಟ್ಟಳೆ ಮಾಡಿದ್ದರೂ, ಅದೇ ಸಂಸ್ಥೆಯ ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 1964ರ ಟೆಂಪೆಸ್ಟ್ ಕಾರಿನಲ್ಲಿ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ನನ್ನು ಗಿರಾಕಿ ಕೇಳಿದರೆ ಮಾತ್ರ ಕೊಡುವ ಐಚ್ಛಿಕ ಸಲಕರಣೆಯೆಂದು ಸೇರಿಸಿ, ಅದಕ್ಕೆ ಜಿಟಿಒ ಎಂಬ ಹೆಸರನ್ನು ಇಟಲಿಯ ಫೆರಾರಿಯಿಂದ ಹೇಳದೆ ಕೇಳದೆ ತಂದಿಟ್ಟರು. ಗಿರಾಕಿಗಳು ಕೇಳಿದರು, ಅಪವಾದವೇ ಉತ್ಸರ್ಗವಾಯಿತು.

ಅಶ್ವಗಣನೆಯ ಪ್ರಕರಣ ಇನ್ನಷ್ಟು ಸೂಕ್ಷ್ಮವಾದುದು. ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಸೈಲೆನ್ಸರ್ ಮುಂತಾದ ಲೌಕಿಕ ಬಂಧನಗಳಿಂದ ಬಿಡಿಸಿ ಅಳೆದ ಶಕ್ತಿಯನ್ನು ‘ಗ್ರಾಸ್’ ಎಂದೂ, ಅವೆಲ್ಲವನ್ನೂ ಕಟ್ಟಿ ಅಳೆದದ್ದನ್ನು ‘ನೆಟ್’ ಎಂದೂ ಕರೆಯಲಾಗುತ್ತಿದ್ದು, 1972ರ ಹೊತ್ತಿಗೆ ಕಂಪನಿಗಳು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದಾಗ ಹತ್ತಾರು ಕುದುರೆಗಳು ಕಾಗದದ ಮೇಲೆಯೇ ಪ್ರಾಣಬಿಟ್ಟವು. ಉಳಿದವನ್ನು ವಾಯುಮಾಲಿನ್ಯದ ಕಾಯಿದೆ, ವಿಮೆಯ ಕಂತು ಮತ್ತು 1973ರ ತೈಲ ಬಿಕ್ಕಟ್ಟು ಮುಗಿಸಿದವು.

ಆದರೆ ಆತ್ಮಕ್ಕೆ ನಾಶವಿಲ್ಲ. 2005ರ ಮಸ್ಟ್ಯಾಂಗ್ ತನ್ನ ಅರವತ್ತರ ದಶಕದ ಮುಖವನ್ನೇ ಮತ್ತೆ ತೊಟ್ಟು ಬಂದಿತು. 1974ರಲ್ಲಿ ನಿಂತುಹೋಗಿದ್ದ ಡಾಡ್ಜ್ ಚಾಲೆಂಜರ್ 2008ರಲ್ಲಿ ಮರುಜನ್ಮ ಪಡೆಯಿತು. (ಡಾಡ್ಜ್‌ನದೇ ಆದ ಚಾರ್ಜರ್ ನಾಲ್ಕು ಬಾಗಿಲುಗಳೊಡನೆ ಮರಳಿ ಹುಟ್ಟಿದ್ದು ಯಾವ ಕರ್ಮದ ಫಲವೆಂಬ ಚರ್ಚೆ ಇಲ್ಲಿ ಬೇಡ.) ಹಳೆಯ ಕಾರುಗಳ ವಿಷಯದಲ್ಲಿ ಎಂಜಿನ್ನಿನ ಮೇಲಿನ ಅಂಕಿ ಚಾಸಿಯ ಅಂಕಿಗೆ ಹೊಂದಲೇಬೇಕೆಂದು ಸಂಗ್ರಾಹಕರು ಪಟ್ಟುಹಿಡಿಯುವುದರಿಂದ, ಸಗೋತ್ರ ಸಂಬಂಧವು ಕಡ್ಡಾಯವಾಗಿರುವ ಏಕೈಕ ಸಂಪ್ರದಾಯವೆಂದು ಇದನ್ನು ಗುರುತಿಸಬಹುದು. ಹೊಸ ಕಾರುಗಳಲ್ಲಿ ಅಧಿಕಾರಿಭೇದವೂ ಕಾಣುತ್ತದೆ: 2015ರ ಚಾಲೆಂಜರ್ ಹೆಲ್‌ಕ್ಯಾಟ್‌ಗೆ ಎರಡು ಕೀಲಿಕೈಗಳಿದ್ದು, ಕಪ್ಪು ಕೀಲಿ ಹಿಡಿದ ಮಂದಾಧಿಕಾರಿಗೆ ಸುಮಾರು 500 ಅಶ್ವಶಕ್ತಿಯೂ, ಕೆಂಪು ಕೀಲಿಯ ಉತ್ತಮಾಧಿಕಾರಿಗೆ 707ಕ್ಕೆ 707ರ ಸಾಕ್ಷಾತ್ಕಾರವೂ ದೊರೆಯುತ್ತದೆ. ರೇಸಿನ ಇಂಧನ ಕುಡಿದಾಗ 840 ಅಶ್ವಶಕ್ತಿಯನ್ನು ಮುಟ್ಟುವ 2018ರ ಚಾಲೆಂಜರ್ ಡೀಮನ್ನಿನಲ್ಲಂತೂ ಚಾಲಕನಿಗೆ ಮಾತ್ರ ಆಸನವಿದ್ದು, ಪಕ್ಕದ ಆಸನಕ್ಕೆ ಒಂದು ಡಾಲರ್, ಹಿಂದಿನದಕ್ಕೆ ಇನ್ನೊಂದು ಡಾಲರ್ ತೆರಬೇಕಿತ್ತು. ಸನ್ಯಾಸದಿಂದ ಗೃಹಸ್ಥಾಶ್ರಮಕ್ಕೆ ಇಷ್ಟು ಅಗ್ಗವಾಗಿ ಮರಳುವ ದಾರಿಯನ್ನು ಬೇರಾವ ಧರ್ಮವೂ ತೋರಿಸಿಲ್ಲ.

ಇನ್ನು ನಾದ. ಕ್ರ್ಯಾಂಕ್‌ಶಾಫ್ಟಿನ ತಿರುವುಗಳನ್ನು ತೊಂಬತ್ತು ಡಿಗ್ರಿಗಳ ಅಂತರದಲ್ಲಿ ಹಂಚಿರುವುದರಿಂದ ಒಂದೊಂದು ಬದಿಯ ಹೊಗೆಕೊಳವೆಯಲ್ಲೂ ಸ್ಫೋಟಗಳು ಲಯ ತಪ್ಪಿ ಬರುತ್ತವೆ. ಈ ತಾಳಭಂಗವನ್ನೇ ಭಕ್ತರು ಗುಡುಗೆಂದು ಆರಾಧಿಸುತ್ತಾರೆ. ಸಿಲಿಂಡರುಗಳೇ ಇಲ್ಲದ ವಿದ್ಯುತ್ ಚಾರ್ಜರ್ ಡೇಟೋನಾವನ್ನು 2024ರಲ್ಲಿ ತಯಾರಿಸಿದ ಡಾಡ್ಜ್, ಈ ಸತ್ಯವನ್ನರಿತೇ ಅದಕ್ಕೆ 126 ಡೆಸಿಬೆಲ್‌ಗಳ ಕೃತಕ ಗರ್ಜನೆಯನ್ನು ಅಳವಡಿಸಿತು. ಸಂಪ್ರದಾಯಸ್ಥರು ಒಲಿಯಲಿಲ್ಲ. ಅದೇ ಕಾರು ಬಳಿಕ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನೊಂದಿಗೂ ಬಂದಿದ್ದು, ಎಂಟರಲ್ಲಿ ಎರಡು ಲೋಪವಾದದ್ದಕ್ಕೆ ಪ್ರಾಯಶ್ಚಿತ್ತವೇನೆಂಬುದರ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ.