ಟಾವೆಲ್ಲು ಹಾಕಿದ ಸೀಟು

ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದಕ್ಕೆ ಒಂದೇ ಶಾಸ್ತ್ರ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟಾವೆಲ್ಲು ಒಗೆಯಬೇಕು. ಟಾವೆಲ್ಲು ಬಿತ್ತೋ, ಸೀಟು ನಮ್ಮದು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಮೇಲೆ ಕೇಳಿದರಾಯಿತು.

ನಮ್ಮ ರಾಜಕಾರಣಿಗಳದೂ ಇದೇ ಶಾಸ್ತ್ರ. ಪಾಪ, ಫ್ರಾನ್ಸಿನವರಿಗೆ ಅದು ಪೂರ್ತಿ ಬರುವುದಿಲ್ಲ. ಅಲ್ಲಿನ ಬಲಪಂಥೀಯ ಸಂಸದ ಕೂತಲ್ಲೇ ಕೂತಿರುತ್ತಾನೆ, ಪಕ್ಷವೇ ಬೋರ್ಡು ಬದಲಿಸುತ್ತದೆ. 1976ರಲ್ಲಿ ಜಾಕ್ ಶಿರಾಕ್ ಕಟ್ಟಿದ ಆರ್‌ಪಿಆರ್ 2002ರಲ್ಲಿ ಯುಎಂಪಿಯೊಳಗೆ ಕರಗಿತು, ಆ ಯುಎಂಪಿ 2015ರಲ್ಲಿ ರಿಪಬ್ಲಿಕನ್ ಪಕ್ಷವಾಯಿತು. ಸಂಸದನಿಗೆ ವಿಶ್ರಾಂತಿ, ಪೇಂಟರನಿಗೆ ಕೈತುಂಬ ಕೆಲಸ. ನಾವು ಅಂಥ ದುಂದುವೆಚ್ಚ ಮಾಡುವವರಲ್ಲ. ಬೋರ್ಡು ಬರೆಸುವುದೇಕೆ, ಬಸ್ಸನ್ನೇ ಬದಲಿಸಿದರಾಯಿತಲ್ಲ?

ಇಂಡಿ ತಾಲ್ಲೂಕಿನ ಅಥರ್ಗಾದ ರಮೇಶ ಜಿಗಜಿಣಗಿಯವರ ಪ್ರಯಾಣವನ್ನೇ ನೋಡಿ. 1983ರಲ್ಲಿ ಬಳ್ಳೊಳ್ಳಿಯ ಶಾಸಕರಾದದ್ದು ಜನತಾ ಪಕ್ಷದಿಂದ. ಆಮೇಲೆ ಜನತಾದಳ. 1998ರಲ್ಲಿ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯಿಂದ ಚಿಕ್ಕೋಡಿಯ ಸಂಸದ. 1999ರಲ್ಲಿ ಅದೇ ಚಿಕ್ಕೋಡಿ, ಜೆಡಿಯು. 2004ರಲ್ಲಿ ಅದೇ ಚಿಕ್ಕೋಡಿ, ಬಿಜೆಪಿ. ಒಂದು ಕ್ಷೇತ್ರ, ಮೂರು ಚುನಾವಣೆ, ಮೂರು ಬಸ್ಸು, ಒಂದೇ ಟಾವೆಲ್ಲು! ಕ್ಷೇತ್ರ ಮರುವಿಂಗಡಣೆಯಲ್ಲಿ ಚಿಕ್ಕೋಡಿಯ ಮೀಸಲಾತಿ ಹೋಗಿ ವಿಜಾಪುರಕ್ಕೆ ಬಂತು. ಸಾಹೇಬರೂ ಊರಿಗೆ ಬಂದರು. 2009, 2014, 2019, 2024. ಒಟ್ಟು ಏಳು ಸಲ ಲೋಕಸಭೆ. ಸಮಾಜವಾದಿ ಸ್ಟ್ಯಾಂಡಿನಲ್ಲಿ ಹತ್ತಿದವರು ಬಲಪಂಥದ ಸ್ಟ್ಯಾಂಡಿನಲ್ಲಿ ಇಳಿದರು. ನಡುವೆ ಸಿದ್ಧಾಂತದ ಸಾಮಾನು ಯಾವ ಬಸ್ಸಿನಲ್ಲಿ ಉಳಿಯಿತೋ, ಯಾವ ಕಂಡಕ್ಟರನೂ ಹೇಳಲಿಲ್ಲ.

2016ರಲ್ಲಿ ದಿಲ್ಲಿ ಅವರಿಗೆ ಕೊಟ್ಟ ಖಾತೆ ಕುಡಿಯುವ ನೀರು ಮತ್ತು ನೈರ್ಮಲ್ಯದ್ದು. ರಾಜ್ಯ ಸಚಿವರಾಗಿ 2019ರವರೆಗೆ ಇದ್ದರು. ದಿಲ್ಲಿಗೂ ಹಾಸ್ಯಪ್ರಜ್ಞೆ ಇದೆ ಎಂದು ನಮಗೆ ಅಂದೇ ಗೊತ್ತಾಯಿತು. ಬೇಸಿಗೆಯಲ್ಲಿ ಕೊಡ ಸಾಲಿಟ್ಟು ಕೂತ ನಮ್ಮ ಕಡೆಯ ಕಾಕಾ ಒಬ್ಬರನ್ನು ಕೇಳಿದೆ.

“ನೀರಿನ ಮಂತ್ರಿ ನಮ್ಮವರೇ ಅದಾರಲ್ರೀ ಕಾಕಾ?”

“ಹೌದೋ ತಮ್ಮಾ, ಮಂತ್ರಿ ನಮ್ಮವರು. ನೀರ ಟ್ಯಾಂಕರಿನವನದು.”

ಹಾಗಂತ ನಮ್ಮ ಕಡೆ ಅಣೆಕಟ್ಟು ಇಲ್ಲವೆಂದಲ್ಲ. ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟಿದ್ದು 1964ರಲ್ಲಿ. 524.256 ಮೀಟರ್‌ವರೆಗೆ ನೀರು ನಿಲ್ಲಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಹೇಳಿತು. ತಕರಾರು ಸುಪ್ರೀಂ ಕೋರ್ಟಿನಲ್ಲಿ, ಅಧಿಸೂಚನೆ ದಿಲ್ಲಿಯಲ್ಲಿ, ನೀರು ಮಾತ್ರ 519.60ರಲ್ಲೇ. ಜಲಾಶಯಕ್ಕೆ ಮಟ್ಟ ಏರುವ ಯೋಗವಿಲ್ಲ. ಆ ಯೋಗವೇನಿದ್ದರೂ ಜನಪ್ರತಿನಿಧಿಗಳಿಗೆ.

2024ರ ಜುಲೈನಲ್ಲಿ ಸಾಹೇಬರು ಬಾಯಿ ಬಿಟ್ಟರು. ಏಳು ಸಲ ಗೆದ್ದ ದಲಿತ ಸಂಸದನಿಗೆ ಸಂಪುಟದಲ್ಲಿ ಜಾಗವಿಲ್ಲ, ಮೇಲ್ಜಾತಿಯವರಿಗೆಲ್ಲ ಇದೆ, ಇದು ಅನ್ಯಾಯ ಎಂದರು. ಇಲ್ಲಿ ವ್ಯಂಗ್ಯ ಬೇಡ, ಮಾತು ನ್ಯಾಯವಾದದ್ದೇ. ದಲಿತರಿಗೆ ಟಿಕೆಟ್ಟು ಹರಿದುಕೊಟ್ಟು ಬಾಗಿಲಲ್ಲೇ ನಿಲ್ಲಿಸುವ ಬಸ್ಸು ಅದೊಂದೇ ಅಲ್ಲ.

ಆದರೆ ಇಷ್ಟು ಒಳ್ಳೆಯ ಪ್ರಶ್ನೆ ಒಬ್ಬರ ಬಳಿಯೇ ಉಳಿಯಬಾರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳೂ ಅದನ್ನು ಕಡ ತರಬಹುದು: ನಾಲ್ಕು ಸಲ ಗೆಲ್ಲಿಸಿದೆವು, ನಮಗೇನು ಸಿಕ್ಕಿತು? 2019ರಲ್ಲಿ ಎರಡೂವರೆ ಲಕ್ಷ ದಾಟಿದ್ದ ಗೆಲುವಿನ ಅಂತರ 2024ರಲ್ಲಿ 77,229ಕ್ಕೆ ಇಳಿಯಿತು. ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು, ಅಷ್ಟೇ.

1983ರಿಂದ ಸಾಹೇಬರ ಟಾವೆಲ್ಲು ನೋಡುತ್ತಲೇ ಇದ್ದೇವೆ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಆಮೇಲೆ ಕೇಳಿದರಾಯಿತು ಅಂದುಕೊಂಡಿದ್ದೆವು.