ಸಹಜವಾಗಿರಿ, ಮಾವ

ಕ್ಯಾಮರಾವನ್ನು ಕಂಡೊಡನೆ ಮನುಷ್ಯನು ಶಿಲೆಯಾಗುವನೆಂಬ ಸತ್ಯವನ್ನು, ಅಹಲ್ಯೆಯ ವೃತ್ತಾಂತವನ್ನು ಬಾಲ್ಯದಲ್ಲಿಯೇ ಕೇಳಿದ್ದ ನಾನು, ಬಹಳ ತಡವಾಗಿ, ಅದೂ ನನ್ನ ಸೋದರಮಾವನವರ ಷಷ್ಟ್ಯಬ್ದಿಯ ನಿಮಿತ್ತದಿಂದ ಅರಿತುಕೊಂಡೆನು. ಆಮಂತ್ರಣಪತ್ರಿಕೆಗೆ ಅವರ ಭಾವಚಿತ್ರವೊಂದು ಬೇಕಾಗಿದ್ದಿತು. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ, ಎಂದೂ ಓದದ ದಪ್ಪ ಪುಸ್ತಕದ ಮೇಲೆ ಕೈಯಿಟ್ಟು ಕುಳಿತ ಚಿತ್ರ ಬೇಡ, ಬಯಲಿನಲ್ಲಿ ಇದ್ದ ಹಾಗೆಯೇ ತೆಗೆಯುವೆನೆಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡೆನು. ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಚಿತ್ರಗಳಲ್ಲಿ ಮಕ್ಕಳೂ ಹಳ್ಳಿಗರೂ ಎದುರಿಗೆ ಯಾರೂ ಇಲ್ಲವೆಂಬಂತೆ ತಮ್ಮ ಪಾಡಿಗೆ ತಾವಿರುವುದನ್ನು ಕಂಡು ಅಸೂಯೆಪಟ್ಟಿದ್ದ ನನಗೆ, ಒಂದು ಯಾಶಿಕಾ ಕ್ಯಾಮರಾವೂ ಹನ್ನೆರಡು ಚಿತ್ರಗಳ ಒಂದು ಸುರುಳಿಯೂ ಇದ್ದರೆ ಮಿಕ್ಕುದು ತಾನೇ ಆಗುವುದೆಂಬ ಭ್ರಮೆಯಿದ್ದಿತು.

ಲಾಲ್‌ಬಾಗಿನ ಬಂಡೆಯನ್ನು ನಾವು ಏರಿದುದು ನಡುಹಗಲಿನಲ್ಲಿ. ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವೆಂದು ಭೂವಿಜ್ಞಾನಿಗಳು ಹೇಳುವ ಆ ಬಂಡೆಯ ಮೇಲೆ ನಿಂತ ಮಾವನವರು, ನಾನು "ಸಹಜವಾಗಿರಿ, ಮಾವ" ಎಂದೊಡನೆ ಬಂಡೆಗಿಂತಲೂ ನಿಶ್ಚಲರಾದರು. 1839ರಲ್ಲಿ ಡಾಗೇರ್ ಮಹಾಶಯನ ವಿಧಾನವು ಲೋಕಕ್ಕೆ ಪ್ರಕಟವಾದಾಗ ತಗಡಿನ ಮೇಲೆ ಚಿತ್ರ ಮೂಡಲು ನಿಮಿಷಗಳೇ ಬೇಕಾಗುತ್ತಿದ್ದುದರಿಂದ, ಮುಂದೆ ಕೆಲವು ದಶಕಗಳವರೆಗೆ, ಕುಳಿತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆಯೊಂದನ್ನು ಆನಿಸುತ್ತಿದ್ದರಂತೆ. ನನ್ನ ಕ್ಯಾಮರಾಕ್ಕೆ ಸೆಕೆಂಡಿನ 125ನೆಯ ಒಂದಂಶ ಸಾಕಾಗಿದ್ದರೂ, ಆ ಕವೆ ಮಾತ್ರ ಮಾವನವರ ಕತ್ತಿನೊಳಗೆ ಪಿತ್ರಾರ್ಜಿತವಾಗಿ ಉಳಿದುಬಂದಿದ್ದಿತು.

ನೆತ್ತಿಯ ಮೇಲಿನ ಸೂರ್ಯನು ಅವರ ಹುಬ್ಬಿನಡಿ ಎರಡು ಕರಿಯ ಗುಳಿಗಳನ್ನು ತೋಡಿ, ಮೂಗಿನ ಕೆಳಗೆ ಇಲ್ಲದ ಮೀಸೆಯನ್ನು ಬರೆದನು. ಹಿಂದೆ ನಿಂತ ಕೆಂಪೇಗೌಡರ ಗೋಪುರವು ತಲೆಯ ಮೇಲೆ ಕಿರೀಟದಂತೆ ಬೆಳೆಯಿತು. ಹತ್ತಿರ ಸರಿದರೆ ಮೂಗು ಮುಖವನ್ನೇ ಆಕ್ರಮಿಸುತ್ತಿದ್ದಿತು. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕಾದ ಆ ಕ್ಯಾಮರಾದ ಗಾಜಿನಲ್ಲಿ ಎಡವು ಬಲವಾಗಿ ತೋರುವುದರಿಂದ, ಅವರನ್ನು ನಡುವಿಗೆ ತರಲು ನಾನು ತಿರುಗಿದಷ್ಟೂ ಅವರು ಅಂಚಿನಿಂದಾಚೆಗೆ ಜಾರುತ್ತಿದ್ದರು. "ಅದೇನೋ, ಗಳಿಗೆಗೊಮ್ಮೆ ನನಗೆ ತಲೆ ಬಾಗಿಸುತ್ತೀಯೆ? ನಮಸ್ಕಾರ ಷಷ್ಟ್ಯಬ್ದಿಯ ದಿನ ಮಾಡುವೆಯಂತೆ" ಎಂದರು ಮಾವನವರು, ತುಟಿಯಲುಗಿಸದೆ.

ಮರದಡಿಗೆ ಹೋದೆವು. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳಿಂದ ಅವರು ಚಿರತೆಯಾದರು. ಸಂಜೆ ನಾಲ್ಕರವರೆಗೆ ಕಾದು, ನೆರಳಿನ ಅಂಚಿನಲ್ಲಿ ಬಯಲಿನ ಕಡೆಗೆ ಮುಖಮಾಡಿಸಿ, ಗಿಡಗಳನ್ನು ಬಹುದೂರ ಹಿಂದಕ್ಕೆ ಬಿಟ್ಟು ಕುಳ್ಳಿರಿಸಿ, ಬಿಳಿಯ ಶಲ್ಯವನ್ನು ತೊಡೆಯ ಮೇಲೆ ಹರಡಿಸಿದಾಗ, ಅದರಿಂದ ಮರಳಿದ ಬೆಳಕು ಗಲ್ಲದ ಕೆಳಗಿನ ಕತ್ತಲೆಯನ್ನು ಮೆಲ್ಲನೆ ತೊಡೆಯಿತು. ಬೆಳಕು ಸಹಜವಾಯಿತು, ಮಾವನವರು ಆಗಲಿಲ್ಲ. ಹನ್ನೊಂದು ಚಿತ್ರಗಳು ಮುಗಿದವು.

"ಮುಗಿಯಿತೇನೋ?"

"ಮುಗಿಯಿತು, ಮಾವ. ಸುರುಳಿ ಖಾಲಿ."

ಈ ಸುಳ್ಳಿನಿಂದ ಶಿಲೆಗೆ ಪ್ರಾಣ ಬಂದಿತು. ಭುಜ ಇಳಿಯಿತು, ಕಾಲು ಮಡಿಸಿದರು, ನಾನು ಕೊಂಡು ತಂದಿದ್ದ ಕಡಲೆಕಾಯಿಯನ್ನು ಆ ಶಲ್ಯದ ಮೇಲೆಯೇ ಸುರಿದುಕೊಂಡು, ಅಳತೆಯಲ್ಲಿ ನನಗೆ ಮೋಸವಾದುದನ್ನು ಕಂಡು, ನನ್ನ ವ್ಯವಹಾರಜ್ಞಾನವನ್ನು ಕುರಿತು ಹೊಟ್ಟೆತುಂಬ ನಕ್ಕರು. ಕಣ್ಣಿಗೆ ಏರಿಸದೆ, ತಲೆ ತಗ್ಗಿಸಿ ಬೈಸಿಕೊಳ್ಳುವವನ ಭಂಗಿಯಲ್ಲಿಯೇ ಒತ್ತಿಬಿಡಬಹುದಾದ ಕ್ಯಾಮರಾವನ್ನು ನಿರ್ಮಿಸಿದವರಿಗೆ ಅಂದು ನಾನು ಮನಸ್ಸಿನಲ್ಲಿಯೇ ಕೈಮುಗಿದೆನು.

ಆ ಹನ್ನೆರಡನೆಯ ಚಿತ್ರವನ್ನು ನೋಡಿ ಅತ್ತೆಯವರು, "ಅಯ್ಯೋ, ಬಾಯಲ್ಲಿ ಕಡಲೆಕಾಯಿ! ನೆಂಟರು ಏನೆಂದಾರು?" ಎಂದರು. ಮಾವನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪರಿಶೀಲಿಸಿ, ಇದು ತಾವಲ್ಲವೆಂದು ತೀರ್ಪಿತ್ತರು. ಆಮಂತ್ರಣಪತ್ರಿಕೆಯಲ್ಲಿ ಅಚ್ಚಾದುದು ಅವರ ಮದುವೆಯ ವರ್ಷ ಸ್ಟುಡಿಯೋದಲ್ಲಿ ತೆಗೆಸಿದ, ದಪ್ಪ ಪುಸ್ತಕದ ಮೇಲೆ ಕೈಯಿಟ್ಟ ಚಿತ್ರ. ಅದನ್ನು ನೋಡಿಕೊಂಡು ಬಂದಿದ್ದ ನೆಂಟರಲ್ಲಿ ಇಬ್ಬರು, ಹುಡುಗಿಯ ಕಡೆಯವರು ಎಲ್ಲಿ ಇಳಿದಿದ್ದಾರೆಂದು ನನ್ನನ್ನು ವಿಚಾರಿಸಿದರು.