ಎಫ್‌ಸಿ ದಿನದ ಸಾಹೇಬ

ಕೆಎ–37 ನಂಬರಿನ ಪಿಕಪ್ ಗಾಡಿಯೊಂದರ ಸೀಟಿನಡಿ ವಾಸವಾಗಿರುವ ಎರಡು ಕೆಜಿಯ ಕೆಂಪು ಅಗ್ನಿಶಾಮಕ ಸಿಲಿಂಡರ್ ಕುಷ್ಟಗಿ ಹೊರವಲಯದ ಢಾಬಾದ ಮುಂದೆ ಮಾತಿಗೆ ಸಿಕ್ಕಿತು. ಚಾಲಕರು ಊಟಕ್ಕೆ ಇಳಿದಿದ್ದರು. ಜಾಕು, ಪಾನಾ, ಎಣ್ಣೆ ಕುಡಿದ ಟವೆಲ್ಲು ಎಲ್ಲವನ್ನೂ ಸರಿಸಿ ಸಂದರ್ಶನಾರ್ಥಿಯನ್ನು ಹೊರಗೆಳೆಯುವಷ್ಟರಲ್ಲಿ ಒಂದು ಗಾಡಿ ಸುಟ್ಟು ಬೂದಿಯಾಗಬಹುದಿತ್ತು.

ಪ್ರಶ್ನೆ: ನಮಸ್ಕಾರ. ಕೆಲಸ ಹೇಗೆ ನಡೆದಿದೆ?

ಸಿಲಿಂಡರ್: ಕೆಲಸ ಎಲ್ಲೈತ್ರಿ ಸರ? ಎಫ್‌ಸಿ, ಅಂದ್ರ ಗಾಡಿ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸೋ ದಿನ ಒಂದ. ಅವತ್ತು ಮೈ ಒರೆಸಿ, ಡ್ರೈವರ್ ಬಾಜೂಕ ಕುಂದ್ರಿಸಿ, ಸಾಹೇಬ್ರಂಗ ಕರ್ಕೊಂಡು ಹೋಗ್ತಾರ. ಪಾಸಾತು ಅಂದ್ರ ಮತ್ತ ಸೀಟಿನ ಕೆಳಗ. ಹೋದ ವರ್ಷ ಯಲಬುರ್ಗಾದ ಎರಡು ಗಾಡಿಗೂ ನನ್ನ ಕೈಗಡ ಕೊಟ್ಟಿದ್ರು. ಮೂರು ಗಾಡಿ ಪಾಸ್ ಮಾಡಿಸೇನಿ, ಒಂದು ಬೆಂಕಿ ಆರ್ಸಿಲ್ಲ.

ಪ್ರಶ್ನೆ: ಸೀಟಿನಡಿ ನೆರಳಾದರೂ ಇದೆಯಲ್ಲ?

ಸಿಲಿಂಡರ್: ನೆರಳು ಐತಿ, ಬಿಗಿ ಇಲ್ಲ. ಗ್ರಾನೈಟ್ ಕ್ವಾರಿ ದಾರ್ಯಾಗ ಒಂದು ದಿನ ಬರ್ರಿ. ಬ್ರೇಕ್ ಹಾಕಿದ್ರ ಮುಂದ ಉರುಳ್ತೀನಿ, ಏರು ಬಂದ್ರ ಹಿಂದ. ಮೊನ್ನೆ ಡ್ರೈವರನ ಕಾಲಿನ ಹತ್ರ ಹೋಗಿದ್ದೆ, ಇನ್ನೊಂದು ಗೇಣು ಉರುಳಿದ್ರ ಬ್ರೇಕ್ ಪೆಡಲ್ ಕೆಳಗ! ಪ್ರಾಣ ಉಳಸಾಕ ಬಂದಾವ ನಾನ ಪ್ರಾಣ ತಗೊಂಡಂಗ ಆಗ್ತಿತ್ತು. ಗಾಡಿ ಪಲ್ಟಿ ಆದ್ರಂತೂ ಬಿಚ್ಚಿದ ಕಬ್ಬಿಣ ಯಾರ ತಲಿಗೆ ಬೀಳ್ತೈತೋ. ಒಂದು ಕ್ಲಾಂಪ್ ತಂದು, ಡ್ರೈವರ್ ಕುಂತಲ್ಲೆ ಕೈಗೆ ಎಟುಕೋ ಹಂಗ ನಟ್ಟು-ಬೋಲ್ಟ್ ಹಾಕಿ ಕೂಡಿಸ್ರಿ. ಹಗ್ಗದ ಗಂಟು ಬ್ಯಾಡ್ರಿ, ಗಂಟು ಬಿಚ್ಚೋ ತನಕ ಬೆಂಕಿ ಕಾಯಂಗಿಲ್ಲ.

ಪ್ರಶ್ನೆ: ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಎಲ್ಲರಿಗೂ ಕಾಣುತ್ತೀರಿ.

ಸಿಲಿಂಡರ್: ಕಾಣ್ತೀನಿ, ಬೇಯ್ತೀನಿ. ಹೊಟ್ಟ್ಯಾಗ ಪುಡಿ ಜೋಡಿ ನೈಟ್ರೋಜನ್ ಒತ್ತಿ ತುಂಬ್ಯಾರ. ಎಷ್ಟು ಬಿಸಿ ತಡೀತೀನಂತ ಮೈಮ್ಯಾಲ ಬರದೈತಿ, ಓದಿದಾವರು ಯಾರು? ಏಪ್ರಿಲ್ ಬಿಸಿಲಿಗೆ ಗಾಜಿನ ಹಿಂದ ಇಟ್ಟು ನೋಡಬ್ಯಾಡ್ರಿ.

ಪ್ರಶ್ನೆ: ಒತ್ತಡದ ಮುಳ್ಳು ಯಾವ ಬಣ್ಣದಲ್ಲಿದೆ?

ಸಿಲಿಂಡರ್: ಸದ್ಯ ವಿಭೂತಿ ಬಣ್ಣದಾಗ! ಬನ್ನಿ ಹಬ್ಬಕ್ಕ ಗಾಡಿ ಪೂಜಿ ಮಾಡಿದಾಗ ನನ್ನ ಮುಳ್ಳಿನ ಗಾಜಿಗೂ ಮೂರು ಪಟ್ಟಿ ಎಳದ್ರು, ನಡುವ ಕುಂಕುಮ. ಹಿಂದ ಮುಳ್ಳು ಹಸಿರಿನ್ಯಾಗ ಇರಬೇಕು, ಆದ್ರ ಕೆಂಪಿಗೆ ಬಿದ್ದೈತಿ. ಕ್ಲೀನರ್ ಹುಡುಗ ‘ನಡೀತೈತೋ ಇಲ್ಲೋ ನೋಡೂಣು’ ಅಂತ ಪಿನ್ನು ಕಿತ್ತು ಒಮ್ಮೆ ಪುಸ್ ಅನಿಸಿದ್ದ. ಒಂದು ಚಿಟಿಕಿ ಪುಡಿ ವಾಲ್ವಿನ್ಯಾಗ ಸಿಕ್ಕಿಬಿದ್ರ ಸಾಕು, ಉಳದ ಗ್ಯಾಸ್ ತಾನ ಸೋರ್ತೈತಿ. ಒಮ್ಮೆ ಒತ್ತಿದ್ರ ರೀಫಿಲ್ ಮಾಡಿಸ್ಲೇಬೇಕು. ಆದ್ರ ಗಾಡಿಯವರು ಪಿನ್ನು ವಾಪಸ್ ಚುಚ್ಚಿ ಕೈ ಮುಗದ್ರು.

ಪ್ರಶ್ನೆ: ತುಂಬಿಸಿದರೆ ಎಷ್ಟು ಹೊತ್ತು ಹೋರಾಡುತ್ತೀರಿ?

ಸಿಲಿಂಡರ್: ಎಂಟು-ಹತ್ತು ಸೆಕೆಂಡ್. ನಗಬ್ಯಾಡ್ರಿ, ಶುರುವಿನ ಬೆಂಕಿಗೆ ಸಾಕು. ಇಂಜಿನ್ ಹತ್ತಿದ್ರ ಬಾನೆಟ್ ಪೂರ್ತಿ ಎತ್ತಬ್ಯಾಡ್ರಿ, ಗಾಳಿ ಹೊಕ್ಕು ಭುಗ್ ಅಂತೈತಿ. ಸಂದಿ ಮಾಡಿ, ಉರಿ ತುದಿಗಲ್ಲ, ಬುಡಕ್ಕ ಹೊಡೀರಿ. ಗಂಗಾವತಿ ಕಡೆ ಭತ್ತದ ಹುಲ್ಲು ಆಳೆತ್ತರ ಹೇರಿ, ಜೋತುಬಿದ್ದ ಕರೆಂಟ್ ತಂತಿ ಕೆಳಗ ಟ್ರ್ಯಾಕ್ಟರ್ ಹೊಡಿತಾರಲ್ಲ, ಅಲ್ಲಿ ನನ್ನ ಆಟ ನಡ್ಯಂಗಿಲ್ಲ. ಮ್ಯಾಲಿನ ಉರಿ ಆರ್ಸಿದ್ರೂ ಒಳಗಿನ ಕೆಂಡ ನೀರಿಗೇ ಆರ್ಬೇಕು. ತಂತಿ ತಗಲಿದ್ರ ಹತ್ರ ಹೋಗೂದ ತಪ್ಪು.

ಪ್ರಶ್ನೆ: ಅಂದರೆ ಸೋಲೊಪ್ಪುತ್ತೀರಿ?

ಸಿಲಿಂಡರ್: ಅಳತಿ ಹೇಳ್ತೀನಿ. 2013ರ ಅಕ್ಟೋಬರ್ 30ರ ನಸುಕಿನ್ಯಾಗ ಬೆಂಗಳೂರಿಂದ ಹೈದರಾಬಾದಿಗೆ ಹೊಂಟಿದ್ದ ಬಸ್ಸು ಪಾಲೆಂ ಹತ್ರ ಮೋರಿಗೆ ಬಡದು ಹತ್ತಿ ಉರೀತು, 45 ಮಂದಿ ಹೋದ್ರು. ಟ್ಯಾಂಕಿನ ಡೀಸೆಲ್ಲಿಗೆ ಬೆಂಕಿ ಹತ್ತಿದ ಮ್ಯಾಲ ಎರಡು ಕೆಜಿ ಪುಡಿ ಏನ್ ಮಾಡೀತು? ಮಂದಿ ಮೊದಲು ಇಳೀಬೇಕು, ನಾ ಆಮ್ಯಾಲ.

ಪ್ರಶ್ನೆ: ಚಾಲಕರು ಕೈ ತೊಳೆಯುತ್ತಿದ್ದಾರೆ. ಕೊನೆಯ ಮಾತು?

ಸಿಲಿಂಡರ್: ಓದೋ ಮಂದಿಗೆ ಕೈ ಮುಗಿದು ಕೇಳ್ತೀನಿ. ನಾಳೆ ಗಾಡಿ ಚಾಲೂ ಮಾಡೂ ಮೊದಲ ಆ ಗಾಜು ಒರೆಸಿ ಮುಳ್ಳು ನೋಡ್ರಿ, ಕ್ಲಾಂಪ್ ಅಲ್ಲಾಡ್ಸಿ ನೋಡ್ರಿ. ಬೆಂಕಿ ನನ್ನ ಕೈ ಮೀರಿದ್ರ ದೂರ ನಿಂತು 112ಕ್ಕ ಫೋನ್ ಹಚ್ಚಿರಿ. ವಿಡಿಯೋ ಆಮ್ಯಾಲ ಮಾಡಬಹುದು.